ಸೋರುವ ತಾಣವೆಲ್ಲಿ?

ಬೀದಿಯ ಮೂಲೆಯ ಸೈಕಲ್ ಷಾಪಿನಲ್ಲಿ ಪಂಕ್ಚರ್ ಹಾಕುವುದನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಅಂಗಡಿಯಾತನು ಚಕ್ರದಿಂದ ಟ್ಯೂಬನ್ನು ಹೊರಗೆಳೆದು, ಅದಕ್ಕೆ ಗಾಳಿ ತುಂಬಿ, ನೀರಿನ ಬೋಗುಣಿಯಲ್ಲಿ ಸ್ವಲ್ಪಸ್ವಲ್ಪವಾಗಿ ಮುಳುಗಿಸುತ್ತ ಹೋಗುತ್ತಾನೆ. ಎಲ್ಲಿಯೋ ಒಂದು ಕಡೆ ಗುಳುಗುಳನೆ ಗುಳ್ಳೆಗಳ ಸಾಲು ಏಳುತ್ತದೆ. ಅಲ್ಲಿಗೆ ಮುಕ್ಕಾಲು ಕೆಲಸ ಮುಗಿದಂತೆಯೇ. ಉಳಿದುದಕ್ಕೆ ಒಂದಿಷ್ಟು ಉಪ್ಪುಕಾಗದ, ಸೊಲ್ಯೂಷನ್, ಒಂದು ತುಂಡು ರಬ್ಬರು ಸಾಕು. ರಂಧ್ರವನ್ನು ಮುಚ್ಚುವುದು ದೊಡ್ಡ ವಿದ್ಯೆಯಲ್ಲ. ಅದು ಎಲ್ಲಿದೆಯೆಂದು ತಿಳಿಯುವುದಕ್ಕಾಗಿಯೇ ಆತನು ಬೋಗುಣಿಯನ್ನು ಇಟ್ಟುಕೊಂಡಿರುವುದು.

ನಮ್ಮ ಅಡುಗೆಮನೆಯ ಅನಿಲದ ಸಿಲಿಂಡರಿಗೂ ಇದೇ ಮಾತು ಸಲ್ಲುತ್ತದೆ. ಆ ಅನಿಲಕ್ಕೆ ಸ್ವಭಾವತಃ ವಾಸನೆಯೆಂಬುದೇ ಇಲ್ಲ. ಅದು ಸೋರಿ ಕೋಣೆಯನ್ನೆಲ್ಲ ತುಂಬಿದರೂ ಯಾರಿಗೂ ತಿಳಿಯುವಂತಿರಲಿಲ್ಲ. ಆದುದರಿಂದಲೇ ಕೊಳೆತ ಕೋಸಿನಂತೆ ನಾರುವ ಮರ್ಕ್ಯಾಪ್ಟನ್ ಎಂಬ ವಸ್ತುವನ್ನು ಲವಲೇಶ ಬೆರೆಸಿ ಕಳುಹಿಸುತ್ತಾರೆ. ವಾಸನೆ ಬಂದಾಗ ಕೊಳವೆಗೆ ಸೋಪಿನ ನೀರನ್ನು ಸವರಿ, ನೊರೆ ಎಲ್ಲಿ ಉಬ್ಬುತ್ತದೆಂದು ನೋಡುವುದು ಸರಿಯಾದ ಕ್ರಮ. ಬೆಂಕಿಕಡ್ಡಿ ಗೀರಿ ನೋಡುವ ಸಾಹಸಿಗಳೂ ಉಂಟು. ಅವರಿಗೆ ಸೋರಿಕೆಯ ತಾಣ ಗೊತ್ತಾಗುವುದೇನೋ ನಿಜವೇ. ಆದರೆ ಅದನ್ನು ಬಂದು ಇತರರಿಗೆ ಹೇಳುವ ಸಂಭವ ಮಾತ್ರ ಕಡಿಮೆ.

ಹೀಗೆ ನೋಡಿದರೆ, ಸೋರಿಕೆ ಎಂಬುದು ಹುಟ್ಟಾ ಮೂಕ. ಗುಳ್ಳೆ, ನೊರೆ, ದುರ್ವಾಸನೆ ಇವೆಲ್ಲ ನಾವು ಅದಕ್ಕೆ ಕೊಟ್ಟ ನಾಲಗೆಗಳು. ಆದರೆ ನೀರಿನಲ್ಲಿ ಮುಳುಗಿಸಲಾಗದ, ಸೋಪು ಸವರಲಾಗದ, ಕೈಯೂ ಕಣ್ಣೂ ಹೋಗಲಾರದ ಇಕ್ಕಟ್ಟಿನ ಜಾಗದಲ್ಲಿ, ಅದೂ ಒಂದು ತೊಟ್ಟು ಸೋರಿದರೂ ಪ್ರಾಣಕ್ಕೆ ಸಂಚಕಾರ ತರಬಲ್ಲ ಯಂತ್ರದೊಳಗೆ ಏನಾದರೂ ಸೋರಿದರೆ ಗತಿಯೇನು? ಈ ವಾರ ಅದರ ವಿಚಾರವನ್ನಿಷ್ಟು ನೋಡೋಣ.

ಈ ಪ್ರಶ್ನೆ ಮೊಟ್ಟಮೊದಲು ಅತ್ಯುಗ್ರವಾಗಿ ಎದುರಾದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಅಣುಬಾಂಬಿಗೆ ಬೇಕಾದ ಯುರೇನಿಯಮನ್ನು ಬೇರ್ಪಡಿಸಲು ಅಮೆರಿಕದವರು ಟೆನೆಸಿ ಪ್ರಾಂತದ ಓಕ್ ರಿಜ್ ಎಂಬಲ್ಲಿ ಒಂದು ಬೃಹತ್ ಕಾರ್ಖಾನೆಯನ್ನು ಕಟ್ಟಿದರು. ಯುರೇನಿಯಮನ್ನು ಫ್ಲೋರಿನ್ನಿನೊಡನೆ ಕೂಡಿಸಿ ಅನಿಲವಾಗಿಸಿ, ಸೂಕ್ಷ್ಮ ರಂಧ್ರಗಳ ತೆರೆಗಳ ಮೂಲಕ ಮತ್ತೆ ಮತ್ತೆ ಹಾಯಿಸುವುದು ಅಲ್ಲಿಯ ಕ್ರಮ. ಮೈಲುಗಟ್ಟಲೆ ಕೊಳವೆ, ಲೆಕ್ಕವಿಲ್ಲದಷ್ಟು ಬೆಸುಗೆ. ಎಲ್ಲಾದರೂ ಒಂದು ಕಡೆ ಹೊರಗಿನ ಗಾಳಿ ನುಸುಳಿತೆಂದರೆ, ಅದರಲ್ಲಿರುವ ನೀರಾವಿ ಆ ಅನಿಲವನ್ನು ಕೆಡಿಸಿ, ಲೋಹವನ್ನೇ ತಿನ್ನುವ ಆಮ್ಲವನ್ನು ಹುಟ್ಟಿಸುತ್ತಿತ್ತು. ಸೋಪಿನ ನೊರೆ ತೋರಿಸಬಲ್ಲ ಸೋರಿಕೆಗಿಂತ ಎಷ್ಟೋ ಪಾಲು ಚಿಕ್ಕ ಸೋರಿಕೆಯನ್ನು ಅಲ್ಲಿ ಹಿಡಿಯಬೇಕಾಗಿತ್ತು.

ಮಿನೆಸೋಟ ವಿಶ್ವವಿದ್ಯಾನಿಲಯದ ಆಲ್‌ಫ್ರೆಡ್ ನಿಯರ್ ಎಂಬ ಭೌತವಿಜ್ಞಾನಿ ಅಣುಗಳನ್ನು ಅವುಗಳ ತೂಕಕ್ಕನುಸಾರವಾಗಿ ಬೇರ್ಪಡಿಸುವ ಯಂತ್ರದಲ್ಲಿ ಪರಿಣತರು. ಮಾಸ್ ಸ್ಪೆಕ್ಟ್ರೋಮೀಟರ್ ಎಂದು ಅದರ ಹೆಸರು. ಆ ಯಂತ್ರವನ್ನು ಹೀಲಿಯಮ್ ಅನಿಲವೊಂದನ್ನೇ ಗುರುತಿಸುವ ಮೂಗನ್ನಾಗಿ ಮಾಡಿದುದು ಅವರ ಮತ್ತು ಅವರ ಸಂಗಡಿಗರ ಜಾಣ್ಮೆ. ಹೀಲಿಯಮ್ಮೇ ಏಕೆ? ಅದು ಅತಿ ಸಣ್ಣ ಸಂದಿನಲ್ಲಿಯೂ ತೂರಬಲ್ಲುದು. ಉರಿಯದು, ಯಾವುದರೊಡನೆಯೂ ಬೆರೆತು ಕೆಡಿಸದು. ಎಲ್ಲಕ್ಕಿಂತ ಮುಖ್ಯವಾಗಿ, ನಾವು ಉಸಿರಾಡುವ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ ಕೇವಲ 5 ಪಾಲು. ಜನವೇ ಇಲ್ಲದ ಬೀದಿಯಲ್ಲಿ ಒಬ್ಬ ಅಪರಿಚಿತನು ನಡೆದರೂ ಎದ್ದುಕಾಣುವಂತೆ, ಯಂತ್ರಕ್ಕೆ ಹೀಲಿಯಮ್ಮಿನ ಒಂದೆರಡು ಅಣುಗಳ ಸುಳಿವೂ ತಟ್ಟನೆ ಗೊತ್ತಾಗುತ್ತದೆ. ಪರೀಕ್ಷಿಸಬೇಕಾದ ಪಾತ್ರೆಯೊಳಗಿನ ಗಾಳಿಯನ್ನೆಲ್ಲ ಹೊರಗೆಳೆದು, ಹೊರಮೈಗೆ ಸಣ್ಣ ಮೂತಿಯಿಂದ ಹೀಲಿಯಮ್ ಊದುತ್ತ ಹೋಗುವುದು. ಒಳಗಿನ ಮೂಗು ಎಚ್ಚರಿಸಿದೆಡೆಯಲ್ಲಿ ಗುರುತು ಹಾಕುವುದು. ಇಷ್ಟೇ ಕ್ರಮ. ಎದೆಯೊಳಗೆ ಹುದುಗಿಸುವ ಪೇಸ್‌ಮೇಕರ್ ಪೆಟ್ಟಿಗೆಯಿಂದ ಹಿಡಿದು ರಾಕೆಟ್ಟಿನ ಕವಾಟಗಳವರೆಗೆ ಇಂದಿಗೂ ಪರೀಕ್ಷೆ ನಡೆಯುವುದು ಇದೇ ತತ್ತ್ವದ ಮೇಲೆ.

ಆದರೆ ಇದೆಲ್ಲ ಮೇಜಿನ ಮೇಲಿಟ್ಟು ನೋಡಬಲ್ಲ ವಸ್ತುಗಳ ಮಾತಾಯಿತು. ಭೂಮಿಯಿಂದ 400 ಕಿಲೋಮೀಟರು ಮೇಲೆ, ಗಂಟೆಗೆ 28,000 ಕಿಲೋಮೀಟರು ವೇಗದಲ್ಲಿ ಸುತ್ತುತ್ತಿರುವ ಒಂದು ಮನೆ, ಅದರಲ್ಲಿ ಜನ ವಾಸವಾಗಿದ್ದಾರೆ, ಸುತ್ತಲೂ ಶೂನ್ಯ. ಆ ಮನೆಯ ಗೋಡೆ ಸೋರತೊಡಗಿದರೆ ಅದನ್ನು ಯಾವ ಬೋಗುಣಿಯಲ್ಲಿ ಮುಳುಗಿಸುವುದು?

ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲಿ ನಡೆದುದು ಇದೇ. ರಷ್ಯದವರು 2000ದ ಜುಲೈನಲ್ಲಿ ಹಾರಿಸಿದ ‘ಜ್ವೆಜ್ದಾ’ ಎಂಬ ಘಟಕ ಅದರ ಹಳೆಯ ಭಾಗಗಳಲ್ಲೊಂದು. ಆ ಹೆಸರಿಗೆ ನಕ್ಷತ್ರವೆಂದು ಅರ್ಥ. ಅದರ ಹಿಂಬದಿಯಲ್ಲಿ, ಸಾಮಾನು ತರುವ ನೌಕೆಗಳು ಬಂದು ಅಂಟಿಕೊಳ್ಳುವ ಕಡೆ, ಹಜಾರದಂಥ ಒಂದು ಪುಟ್ಟ ಕೋಣೆಯುಂಟು. 2019ರ ಸೆಪ್ಟೆಂಬರಿನಲ್ಲಿ ನಿಲ್ದಾಣದ ಗಾಳಿ ಎಂದಿಗಿಂತ ತುಸು ಹೆಚ್ಚಾಗಿ ಕಡಿಮೆಯಾಗುತ್ತಿದೆಯೆಂದು ಕೆಳಗಿನ ವಿಜ್ಞಾನಿಗಳಿಗೆ ಅನುಮಾನ ಬಂದಿತು.

ಇಲ್ಲಿ ಒಂದು ಲೆಕ್ಕವನ್ನು ಹೇಳಲೇಬೇಕು. ನಿಲ್ದಾಣದೊಳಗಿನ ಜಾಗ ಸುಮಾರು ಸಾವಿರ ಘನಮೀಟರು. ಅದರಲ್ಲಿ ಹಿಡಿಸುವ ಗಾಳಿಯ ತೂಕ ಸಾವಿರದಿನ್ನೂರು ಕಿಲೋ ಎಂದಿಟ್ಟುಕೊಳ್ಳೋಣ. ದಿನಕ್ಕೆ ಒಂದೂವರೆ ಕಿಲೋ ಸೋರಿದರೆ ಒತ್ತಡ ತಗ್ಗುವುದು ಸಾವಿರದಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಆದರೆ ಒಳಗಿನ ಉಷ್ಣತೆ ಅರ್ಧ ಡಿಗ್ರಿ ಏರಿದರೂ ಸಾಕು, ಒತ್ತಡ ಅದಕ್ಕಿಂತ ಹೆಚ್ಚಾಗಿ ಏರಿಬಿಡುತ್ತದೆ! ಒಂದು ದಿನದ ಸೋರಿಕೆಯೆಲ್ಲ ಅರ್ಧ ಡಿಗ್ರಿ ಸೆಕೆಯ ಮರೆಯಲ್ಲಿ ಅಡಗಿ ಕೂತುಬಿಡಬಲ್ಲುದು. ಯಾರೋ ವ್ಯಾಯಾಮ ಮಾಡಿದರು, ಯಾವುದೋ ಯಂತ್ರ ಬಿಸಿಯಾಯಿತು, ಒಂದು ನೌಕೆ ಬಂದಿತು, ಮತ್ತೊಂದು ಹೋಯಿತು—ಇಂಥ ಗಲಾಟೆಯಲ್ಲಿ ಆ ಸಣ್ಣ ಸಂಖ್ಯೆಯನ್ನು ಹೆಕ್ಕುವುದು ಹೇಗೆ?

ಆದುದರಿಂದ 2020ರ ಆಗಸ್ಟಿನಲ್ಲಿ ಒಂದು ವಾರಾಂತ್ಯವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟರು. ಅಮೆರಿಕದ ಕ್ರಿಸ್ ಕ್ಯಾಸಿಡಿ, ರಷ್ಯದ ಅನತೋಲಿ ಇವಾನಿಶಿನ್ ಮತ್ತು ಇವಾನ್ ವಾಗ್ನರ್, ಈ ಮೂವರೂ ಜ್ವೆಜ್ದಾ ಘಟಕದ ಭಾಗದಲ್ಲಿಯೇ ಉಳಿದುಕೊಂಡು, ಮಿಕ್ಕೆಲ್ಲ ಕೋಣೆಗಳ ಬಾಗಿಲುಗಳನ್ನು ಮುಚ್ಚಿದರು. ಗಾಳಿ ಅಲುಗಾಡದಂತೆ ನಿಂತಾಗ ಯಾವ ಕೋಣೆಯ ಒತ್ತಡ ಇಳಿಯುತ್ತದೆಂದು ಕೆಳಗಿನವರು ಕಣ್ಣಲ್ಲಿ ಕಣ್ಣಿಟ್ಟು ಕಾದರು. ಎಲ್ಲ ಕೋಣೆಗಳೂ ಸಜ್ಜನರಂತೆ ಸುಮ್ಮನಿದ್ದವು. ಕಳ್ಳನನ್ನು ಹುಡುಕಲು ಊರೆಲ್ಲ ಅಲೆದು, ಅವನು ತಮ್ಮ ಜಗಲಿಯಲ್ಲೇ ಮಲಗಿದ್ದುದನ್ನು ಕಾಣದಂತೆ ಆಗಿತ್ತು ಇದು. ಸೆಪ್ಟೆಂಬರ್ ಕೊನೆಯಲ್ಲಿ ಒಂದು ರಾತ್ರಿ ಸೋರಿಕೆ ಹಠಾತ್ತನೆ ಹೆಚ್ಚಿದಂತೆ ಕಂಡು, ಮಲಗಿದ್ದ ಮೂವರನ್ನೂ ಎಬ್ಬಿಸಿ ಮತ್ತೆ ಹುಡುಕಿಸಿದರು. ಹೆಚ್ಚಿದುದು ಸೋರಿಕೆಯಲ್ಲ, ಉಷ್ಣತೆಯ ಏರುಪೇರೆಂದು ಆಮೇಲೆ ತಿಳಿಯಿತು. ಆದರೂ ಆ ರಾತ್ರಿಯ ಶ್ರಮ ವ್ಯರ್ಥವಾಗಲಿಲ್ಲ. ಸೋರುತ್ತಿರುವುದು ಜ್ವೆಜ್ದಾ ಘಟಕವೇ ಎಂಬುದು ಗೊತ್ತಾಯಿತು.

ಕೋಣೆ ಸಿಕ್ಕಿತು, ಬಿರುಕು ಸಿಗಬೇಕಲ್ಲ! ಸಣ್ಣ ಸಂದಿನಿಂದ ಗಾಳಿ ನುಗ್ಗುವಾಗ ನಮ್ಮ ಕಿವಿಗೆ ಕೇಳಿಸದ ಅತಿ ಉಚ್ಚಸ್ವರದ ಸೀಟಿಯೊಂದು ಹೊರಡುತ್ತದೆ. ಅದನ್ನು ಆಲಿಸುವ ಉಪಕರಣ ಯಾತ್ರಿಗಳ ಬಳಿ ಇತ್ತು. ಆದರೆ ಅಲ್ಲಿಯ ಗೋಡೆಗಳೆಂದರೆ ನಮ್ಮ ಮನೆಯ ಬಿಳಿ ಗೋಡೆಗಳಂತಲ್ಲ. ತಂತಿಯ ಕಟ್ಟುಗಳು, ಕೊಳವೆಗಳು, ಪೆಟ್ಟಿಗೆಗಳು, ಪಟ್ಟಿಗಳು ಒತ್ತೊತ್ತಾಗಿ ಮುಚ್ಚಿಕೊಂಡಿರುತ್ತವೆ. ಪಂಖಗಳ ಮೊರೆತವಂತೂ ನಿಲ್ಲುವುದೇ ಇಲ್ಲ.

ಆಗ ಹೊಳೆದುದೇ ಚಹದ ಉಪಾಯ. 2020ರ ಅಕ್ಟೋಬರಿನಲ್ಲಿ ರಷ್ಯದ ಯಾತ್ರಿಗಳು ಚಹದ ಒಂದು ಪೊಟ್ಟಣವನ್ನು ಹರಿದು, ಅದರೊಳಗಿನ ಎಲೆಯ ಚೂರುಗಳನ್ನು ಆ ಹಿಂಬದಿಯ ಕೋಣೆಯಲ್ಲಿ ತೇಲಬಿಟ್ಟು, ಕ್ಯಾಮರಾಗಳನ್ನು ಹೂಡಿ, ಬಾಗಿಲು ಮುಚ್ಚಿ ಹೊರಬಂದರು. ಭೂಮಿಯ ಮೇಲಾದರೆ ಚಹಪುಡಿ ನೆಲಕ್ಕೆ ಬಿದ್ದು ಗುಡಿಸುವ ಕೆಲಸವೊಂದು ಹೆಚ್ಚಾಗುತ್ತಿತ್ತು. ಭಾರರಹಿತ ಸ್ಥಿತಿಯಲ್ಲಿ ಅದು ಎಲ್ಲಿಗೂ ಬೀಳದು. ಗಾಳಿ ಎತ್ತ ಒಯ್ದರೆ ಅತ್ತ, ಎಷ್ಟು ಮೆಲ್ಲಗೆ ಒಯ್ದರೂ ಅತ್ತಲೇ ಸಾಗುತ್ತದೆ. ಕೋಟಿಗಟ್ಟಲೆ ಬೆಲೆಯ ಉಪಕರಣಗಳಿಗೆ ಬಾಯಿಬಿಡದಿದ್ದ ಬಿರುಕಿನ ಕಡೆಗೆ ಚಹದ ಚೂರುಗಳು ಒಂದೊಂದಾಗಿ ಹೊರಟುವಂತೆ. ಚಿತ್ರಗಳನ್ನು ನೋಡಿ, ಗೋಡೆಯಲ್ಲಿ ಗೀರಿನಂಥ ಬಿರುಕನ್ನು ಪತ್ತೆಹಚ್ಚಿ, ಮೊದಲು ಅಂಟುಪಟ್ಟಿಯಿಂದಲೂ, 2021ರ ಮಾರ್ಚಿನಲ್ಲಿ ಬಲವಾದ ಲೇಪದಿಂದಲೂ ಮುಚ್ಚಿದರು. ಕಾಫಿಪ್ರಿಯರಾದ ನಮ್ಮವರು ಮೇಲೆ ಹೋಗಿದ್ದರೆ ಈ ಕೆಲಸ ಹೇಗಾಗುತ್ತಿತ್ತೋ ತಿಳಿಯದು. ಕಾಫಿಪುಡಿ ಕಣ್ಣು ಮೂಗುಗಳಿಗೆ ಹೋಗುವ ಅಪಾಯ ಹೆಚ್ಚು.

ಕಥೆ ಅಲ್ಲಿಗೆ ಸುಖಾಂತವಾಗಲಿಲ್ಲ. ಒಂದನ್ನು ಮುಚ್ಚಿದರೆ ಮತ್ತೊಂದೆಡೆ ಜಿನುಗು. 2024ರ ಏಪ್ರಿಲ್ ಹೊತ್ತಿಗೆ ದಿನಕ್ಕೆ ಸುಮಾರು 1.7 ಕಿಲೋ ಗಾಳಿ ನಷ್ಟವಾಗುತ್ತಿದ್ದಿತೆಂದು ಅಮೆರಿಕದ ನಾಸಾ ಸಂಸ್ಥೆಯ ತಪಾಸಣಾಧಿಕಾರಿಯ ವರದಿಯಲ್ಲಿ ದಾಖಲಾಗಿದೆ. ಬಿರುಕು ಬಿಡಲು ಕಾರಣವೇನೆಂಬುದರಲ್ಲಿಯೂ ಒಮ್ಮತ ಮೂಡಲಿಲ್ಲ. ಎಡೆಬಿಡದ ಸೂಕ್ಷ್ಮ ಕಂಪನದಿಂದ ಲೋಹ ದಣಿದಿದೆಯೆಂದು ರಷ್ಯದ ಇಂಜನಿಯರುಗಳ ಮತ. ಅದೊಂದೇ ಅಲ್ಲ, ಒತ್ತಡ, ಲೋಹದ ಗುಣ, ಕಟ್ಟುವಾಗಲೇ ಉಳಿದ ಬಿಗಿತ ಎಲ್ಲವೂ ಕೂಡಿವೆಯೆಂದು ಅಮೆರಿಕದವರ ಮತ. ವೈದ್ಯರಿಬ್ಬರು ರೋಗಿಯ ಮಂಚದ ಬಳಿಯಲ್ಲಿಯೇ ವಾದಿಸಿದಂತೆ ಇದು ನಡೆಯಿತು.

ಮೇಲೆ ಹೇಳಿದ ಕ್ಯಾಸಿಡಿ ಮಹಾಶಯರಿಗೂ ಸೋರಿಕೆಗೂ ಜಾತಕದಲ್ಲಿಯೇ ಏನೋ ನಂಟಿರಬೇಕು. 2013ರ ಮೇ 9ರಂದು ನಿಲ್ದಾಣದ ಹೊರಗಿನ ತಂಪುಕಾರಕ ಕೊಳವೆಯಿಂದ ಅಮೋನಿಯ ಹಿಮದ ಹಳಕುಗಳಂತೆ ಹಾರಿಹೋಗುತ್ತಿದ್ದುದು ಕಿಟಕಿಯಿಂದ ಕಂಡಾಗ, ಎರಡೇ ದಿನಗಳಲ್ಲಿ ಹೊರಗೆ ಹೋಗಿ ಪಂಪನ್ನು ಬದಲಾಯಿಸಿದ ಇಬ್ಬರಲ್ಲಿ ಇವರೊಬ್ಬರು. ಅದಾದ ಎರಡು ತಿಂಗಳಿಗೆ, ಅವರ ಕಣ್ಣೆದುರಿಗೇ, ಇನ್ನೊಂದು ಸೋರಿಕೆ ಒಂದು ಪ್ರಾಣವನ್ನು ತೆಗೆಯುವುದರಲ್ಲಿತ್ತು. ಈ ವಾರ ನಾನು ಹೇಳಹೊರಟ ಮುಖ್ಯ ಸಂಗತಿ ಅದೇ.

2013ರ ಜುಲೈ 9. ಇಟಲಿಯ ವಾಯುಪಡೆಯ ವಿಮಾನಚಾಲಕ, 36 ವರ್ಷದ ಲೂಕಾ ಪಾರ್ಮಿಟಾನೋ, ಕ್ಯಾಸಿಡಿಯವರೊಡನೆ ನಿಲ್ದಾಣದ ಹೊರಗೆ ಹೋಗಿ ಕೆಲಸ ಮಾಡಿದರು. ಅಂತರಿಕ್ಷದಲ್ಲಿ ಹಾಗೆ ಹೊರನಡೆದ ಮೊದಲ ಇಟಲಿಯವರು ಅವರೇ. ಒಳಗೆ ಬಂದು ಶಿರಸ್ತ್ರಾಣವನ್ನು ಕಳಚಿದಾಗ ಅದರಲ್ಲಿ ನೀರು ಕಂಡಿತು. ಯಾತ್ರಿಗಳ ಎದೆಯ ಬಳಿ ಕುಡಿಯುವ ನೀರಿನ ಒಂದು ಚೀಲವಿರುತ್ತದೆ, ಅದರ ನಳಿಗೆ ಬಾಯಿಯ ಬಳಿಗೆ ಬರುತ್ತದೆ. ಬಗ್ಗಿದಾಗ ಗದ್ದ ತಾಗಿ ಅದು ಸೋರಿರಬೇಕೆಂದು ಎಲ್ಲರೂ ಭಾವಿಸಿದರು. ಚೀಲವನ್ನು ಬದಲಾಯಿಸಲಾಯಿತು. ಉತ್ತರ ಸಿಕ್ಕಿದ ಮೇಲೆ ಪ್ರಶ್ನೆಯನ್ನು ಯಾರು ನೆನೆಯುತ್ತಾರೆ? ಒಂದು ವಾರ ಕಳೆಯಿತು.

ಜುಲೈ 16ರಂದು ಅದೇ ಉಡುಪಿನಲ್ಲಿ ಅದೇ ಇಬ್ಬರು ಮತ್ತೆ ಹೊರಗೆ ಹೋದರು. ಕೆಲಸ ಆರಂಭವಾಗಿ 44 ನಿಮಿಷಗಳಾಗಿದ್ದುವು. ತಲೆಯ ಹಿಂಭಾಗದಲ್ಲಿ ತಣ್ಣಗೆ ನೀರು ತಾಗಿದಂತಾಗುತ್ತಿದೆಯೆಂದು ಪಾರ್ಮಿಟಾನೋ ತಿಳಿಸಿದರು. ಬೆವರಿರಬಹುದೇ? ಕುಡಿಯುವ ಚೀಲದ್ದೇ ಇರಬಹುದೇ? ಕೆಳಗಿನವರು, ಮೇಲಿನವರು ಹೀಗೆ ವಿಚಾರಿಸುತ್ತಿರುವಾಗಲೇ ನೀರು ಹೆಚ್ಚುತ್ತ ಬಂದಿತು. ಕ್ಯಾಸಿಡಿ ಹತ್ತಿರ ಬಂದು ಗಾಜಿನ ಮೂಲಕ ಇಣಿಕಿ ನೋಡಿದರು. ಕೊನೆಗೆ ಕೆಲಸವನ್ನು ನಿಲ್ಲಿಸಿ ಇಬ್ಬರೂ ಒಳಗೆ ಬರಬೇಕೆಂದು ಅಪ್ಪಣೆಯಾಯಿತು.

ಭೂಮಿಯ ಮೇಲೆ ನೀರು ತಲೆಯಿಂದ ಕತ್ತಿಗೆ, ಕತ್ತಿನಿಂದ ಎದೆಗೆ ಹರಿದುಹೋಗುತ್ತದೆ. ಅಲ್ಲಿ ಕೆಳಗೆಂಬುದೇ ಇಲ್ಲವಾದುದರಿಂದ ನೀರು ಮುದ್ದೆಯಾಗಿ, ಚರ್ಮಕ್ಕೆ ಅಂಟಿಕೊಂಡು, ತೆವಳುತ್ತದೆ. ತಲೆಯನ್ನು ಕೊಡವಿದರೂ ಬಿಡದು. ಕೈಯಿಂದ ಒರಸೋಣವೆಂದರೆ ಕೈ ಕವಚದ ಹೊರಗೆ, ಮುಖ ಕವಚದ ಒಳಗೆ! ಬಾಗಿಲಿನತ್ತ ಹಿಂದಿರುಗುವ ಹಾದಿಯಲ್ಲಿ ಪಾರ್ಮಿಟಾನೋ ತಲೆಕೆಳಗಾಗಿ ತಿರುಗಬೇಕಾಯಿತು. ಅದೇ ಗಳಿಗೆಯಲ್ಲಿ ನೀರಿನ ಮುದ್ದೆ ಮುಂದಕ್ಕೆ ಜಾರಿ ಕಣ್ಣುಗಳನ್ನೂ ಮೂಗನ್ನೂ ಮುಚ್ಚಿತು. ಕಿವಿಯಲ್ಲಿಯೂ ನೀರು ಸೇರಿ ಮಾತು ಕೇಳಿಸದಾಯಿತು. ಸಾಲದುದಕ್ಕೆ ಸೂರ್ಯಾಸ್ತವೂ ಆಗಿ ಸುತ್ತಲೂ ಕಗ್ಗತ್ತಲೆ. ಬಾಗಿಲು ಯಾವ ದಿಕ್ಕಿಗಿದೆಯೆಂದೇ ತಿಳಿಯದು. ಮುಂದಿನ ಉಸಿರಿನಲ್ಲಿ ಬಾಯಿಗೆ ಬರುವುದು ಗಾಳಿಯೋ ನೀರೋ ಎಂಬುದೂ ತಿಳಿಯದು.

ಆ ಸ್ಥಿತಿಯಲ್ಲಿ ಆತನಿಗೆ ತನ್ನ ಸೊಂಟಕ್ಕೆ ಕಟ್ಟಿದ್ದ ರಕ್ಷಣೆಯ ತಂತಿ ನೆನಪಾಯಿತು. ಅದರ ಇನ್ನೊಂದು ತುದಿ ಬಾಗಿಲ ಬಳಿ ಬಿಗಿದಿದೆ. ಸ್ಪ್ರಿಂಗಿನ ಬಲದಿಂದ ಅದು ಸದಾ ಮೆಲ್ಲಗೆ ಎಳೆಯುತ್ತಿರುತ್ತದೆ. ಎಳೆದ ಕಡೆಗೆ ಹೋದರೆ ಬಾಗಿಲು! ಕುರುಡನು ಹಗ್ಗ ಹಿಡಿದು ಬಾವಿಯ ಕಟ್ಟೆಯನ್ನು ಸೇರುವಂತೆ ಆತನು ಕೈಯಿಂದ ತಡಕುತ್ತ ಒಳಗೆ ಸೇರಿದನು. ನೀರು ಬಾಯಿಗೂ ಏರಿದರೆ ಶಿರಸ್ತ್ರಾಣದ ಬದಿಯ ಕವಾಟವನ್ನು ತೆರೆದು ನೀರನ್ನು ಶೂನ್ಯಕ್ಕೆ ಹೀರಿಸಿಬಿಡುವುದೆಂದು ಕೂಡ ಯೋಚಿಸಿದ್ದನಂತೆ. ಹೊರಬಾಗಿಲು ಮುಚ್ಚಿ, ಗಾಳಿ ತುಂಬುವವರೆಗೆ ಅಲುಗಾಡದೆ ಕಾಯಬೇಕು. ಮಾತು ಕೇಳಿಸದಿದ್ದುದರಿಂದ ಕ್ಯಾಸಿಡಿ ಆತನ ಕೈಯನ್ನು ಅದುಮಿ ಅದುಮಿ ಕ್ಷೇಮವನ್ನು ವಿಚಾರಿಸುತ್ತಿದ್ದರು. ಒಳಗಿದ್ದವರು ಶಿರಸ್ತ್ರಾಣವನ್ನು ಕಳಚಿ ಟವೆಲುಗಳಿಂದ ನೀರನ್ನು ಒತ್ತಿ ತೆಗೆದರು. ಸೇರಿದ್ದ ನೀರು ಸುಮಾರು ಒಂದೂವರೆ ಲೀಟರು. ಕುಡಿಯುವ ಚೀಲದಲ್ಲಿ ಅಷ್ಟು ಹಿಡಿಸುವುದೇ ಇಲ್ಲ.

ಹಾಗಾದರೆ ನೀರು ಬಂದುದೆಲ್ಲಿಂದ? ಈ ಉಡುಪು ಬಟ್ಟೆಯಲ್ಲ, ಮೈಮೇಲೆ ತೊಡುವ ಒಂದು ಸಣ್ಣ ಕಾರ್ಖಾನೆ. ದೇಹವನ್ನು ತಂಪಾಗಿಡಲು ಒಳ ಅಂಗಿಯಲ್ಲಿ ತೊಂಬತ್ತು ಮೀಟರಿಗೂ ಮಿಕ್ಕ ಸಣ್ಣ ನಳಿಗೆಗಳಲ್ಲಿ ನೀರು ಹರಿಯುತ್ತದೆ. ಬೆವರು, ಉಸಿರುಗಳ ತೇವ ಸೇರಿದ ಗಾಳಿಯನ್ನು ಬೆನ್ನ ಮೇಲಿನ ಪೆಟ್ಟಿಗೆ ಹೀರಿ, ತಂಪುಗೊಳಿಸಿ, ಅದರಲ್ಲಿನ ನೀರನ್ನು ಬೇರ್ಪಡಿಸಿ, ಒಣಗಾಳಿಯನ್ನು ಪುನಃ ತಲೆಯ ಹಿಂದಿನಿಂದ ಶಿರಸ್ತ್ರಾಣಕ್ಕೆ ಕಳುಹಿಸುತ್ತದೆ. ನೀರನ್ನು ಬೇರ್ಪಡಿಸುವುದು ಬಲು ವೇಗವಾಗಿ ತಿರುಗುವ ಒಂದು ಪುಟ್ಟ ಡೋಲು. ಮೊಸರು ಕಡೆದಾಗ ಬೆಣ್ಣೆ ಬೇರೆಯಾಗುವಂತೆ ಇಲ್ಲಿ ಗಾಳಿಯಿಂದ ನೀರು ಬೇರೆಯಾಗಿ, ಡೋಲಿನ ಸಣ್ಣ ತೂತುಗಳ ಮೂಲಕ ತನ್ನ ತೊಟ್ಟಿಗೆ ಹೋಗಬೇಕು. ಪಂಖ, ಪಂಪು, ಡೋಲು ಮೂರೂ ಒಂದೇ ಅಚ್ಚಿನ ಮೇಲೆ, ಒಂದೇ ಮುಷ್ಟಿಯಷ್ಟು ಜಾಗದಲ್ಲಿ.

ಆ ತೂತುಗಳಲ್ಲಿ ಸಿಲಿಕದಂಥ ಕಲ್ಮಷ ಕೂತು ದಾರಿಯನ್ನು ಕಟ್ಟಿಬಿಟ್ಟಿತ್ತು. ಹೋಗಬೇಕಾದೆಡೆಗೆ ಹೋಗಲಾರದ ನೀರು ಉಕ್ಕಿ ಗಾಳಿಯ ಹಾದಿಗೆ ಬಿದ್ದು, ಗಾಳಿಯೊಡನೆಯೇ ತಲೆಯ ಹಿಂದಕ್ಕೆ ಬಂದಿತು. ಸೋರಿಕೆಯೆಂದರೆ ರಂಧ್ರವೊಂದು ಇರಲೇಬೇಕೆಂದು ನಾವೆಲ್ಲ ತಿಳಿಯುತ್ತೇವೆ. ಇಲ್ಲಿ ಇರಬೇಕಾದ ರಂಧ್ರ ಮುಚ್ಚಿಹೋದುದರಿಂದಲೇ ಸೋರಿತು. ಬೋಗುಣಿಯಲ್ಲಿ ಮುಳುಗಿಸಿದರೂ, ಹೀಲಿಯಮ್ ಊದಿದರೂ ಆ ಉಡುಪಿನಲ್ಲಿ ಯಾವ ಬಿರುಕೂ ಕಾಣುತ್ತಿರಲಿಲ್ಲ!

ನಾಸಾ ಸಂಸ್ಥೆ ನೇಮಿಸಿದ ವಿಚಾರಣಾ ಮಂಡಲಿ 2014ರ ಫೆಬ್ರವರಿಯಲ್ಲಿ ತನ್ನ ವರದಿಯನ್ನು ಪ್ರಕಟಿಸಿತು. ನನಗೆ ಅದು ಇಂಜನಿಯರಿಂಗ್ ದಾಖಲೆಗಿಂತ ಮನುಷ್ಯಸ್ವಭಾವದ ದಾಖಲೆಯಾಗಿ ಕಂಡಿದೆ. ಕಲ್ಮಷ, ಡೋಲು, ತೂತು ಇವುಗಳ ವಿಚಾರ ಅದರಲ್ಲಿ ಇದೆ. ಆದರೆ ವರದಿಯ ಕೊಂಕು ಹೆಚ್ಚಾಗಿ ಬಿದ್ದಿರುವುದು ಜುಲೈ 9ರ ಸಂಜೆಯ ಮೇಲೆ. ಶಿರಸ್ತ್ರಾಣದಲ್ಲಿ ತುಸು ನೀರು ಕಾಣುವುದು ವಾಡಿಕೆಯೆಂದು ಎಲ್ಲರೂ ಒಗ್ಗಿಹೋಗಿದ್ದರು. ಚೀಲವೇ ಕಾರಣವೆಂಬ ಮಾತನ್ನು ಯಾರೂ ಪರೀಕ್ಷೆಗೆ ಒಡ್ಡಲಿಲ್ಲ. ಆ ಚೀಲವನ್ನು ಹಿಸುಕಿ ನೋಡಲು ಎಷ್ಟು ಹೊತ್ತು ಬೇಕಾಗಿತ್ತು? ಮುಂದಿನ ಕೆಲಸದ ಗಡಿಬಿಡಿ ಇತ್ತು. ವಿಚಾರಣೆಗೆ ತೊಡಗಿದರೆ ಆ ಕೆಲಸ ಮುಂದಕ್ಕೆ ಹೋಗುತ್ತಿತ್ತು. ಚೀಲವೆಂದರೆ ಎಲ್ಲರಿಗೂ ಅನುಕೂಲ. ಸೋರಿಕೆ ತನಗೆ ತಾನೇ ಬಾಯಿಬಿಟ್ಟು ಒಂದು ಮಾತು ಹೇಳಿತ್ತು. ಕೈಗೆ ಸಿಕ್ಕಿದ ಉತ್ತರವೊಂದನ್ನು ಅದರ ಬಾಯಿಗೆ ತುರುಕಿ ಸುಮ್ಮನಾಗಿಸಿದರು. ಅಂಥ ತಜ್ಞರ ಮಂಡಲಿಯಲ್ಲಿಯೇ ಹೀಗಾದರೆ, ಛಾವಣಿಯಲ್ಲಿ ಕಂಡ ತೇವದ ಕಲೆಗೆ ‘ಹೋದ ಮಳೆಗಾಲದ್ದಿರಬೇಕು’ ಎಂದು ಸುಣ್ಣ ಬಳಿಯುವ ನಮ್ಮಂಥವರ ಪಾಡೇನು!

ಆಮೇಲೆ ಮಾಡಿದ ಏರ್ಪಾಡು ಮಾತ್ರ ನಮ್ಮ ಮನೆಯ ಹೆಂಗಸರು ಮಾಡುವಷ್ಟು ಸರಳವಾದುದು. ತಲೆಯ ಹಿಂದೆ ನೀರು ಹೀರುವ ಒಂದು ಮೆತ್ತೆ. ಶಿರಸ್ತ್ರಾಣದಿಂದ ಉಡುಪಿನ ಕೆಳಭಾಗಕ್ಕೆ ಹೋಗುವ ಒಂದು ನಳಿಗೆ. ಮುಖವೆಲ್ಲ ಮುಳುಗಿದರೂ ಆ ನಳಿಗೆಯನ್ನು ಬಾಯಲ್ಲಿಟ್ಟುಕೊಂಡು ಎದೆಯ ಬಳಿಯ ಗಾಳಿಯನ್ನು ಉಸಿರಾಡಬಹುದು. ಆ ಮೆತ್ತೆಯ ಬೆಲೆ 2016ರ ಜನವರಿ 15ರಂದು ತಿಳಿಯಿತು. ಟಿಮ್ ಕೋಪ್ರಾ ಎಂಬುವರು ಹೊರಗೆ ಕೆಲಸ ಮಾಡುತ್ತಿದ್ದಾಗ ಶಿರಸ್ತ್ರಾಣದಲ್ಲಿ ನಿಂಬೆಹಣ್ಣಿನಷ್ಟು ನೀರಿನ ಮುದ್ದೆ ಕಂಡಿತು. ಉಡುಪು ಯಾವುದೆಂದಿರಿ? ಪಾರ್ಮಿಟಾನೋ ತೊಟ್ಟಿದ್ದುದೇ, ಬಿಡಿಭಾಗಗಳನ್ನು ಬದಲಾಯಿಸಿ ಸರಿಪಡಿಸಿದ್ದುದು. ಈ ಬಾರಿ ಬೆವರೋ ಚೀಲವೋ ಎಂಬ ಚರ್ಚೆಗೆ ಯಾರೂ ಕಾಯಲಿಲ್ಲ. ಇಬ್ಬರನ್ನೂ ಒಳಗೆ ಕರೆಸಿಕೊಂಡು, ಆ ನೀರನ್ನು ಮಾದರಿಗಾಗಿ ಪಿಚಕಾರಿಯಿಂದ ಹೀರಿಟ್ಟುಕೊಂಡರು.

ಇದಕ್ಕೆ ತದ್ವಿರುದ್ಧವಾದ ಪ್ರಸಂಗವೂ ಒಂದುಂಟು. 2015ರ ಜನವರಿ 14ರಂದು ನಿಲ್ದಾಣದೊಳಗೆ ಅಮೋನಿಯ ಸೋರಿದೆಯೆಂದು ಎಚ್ಚರಿಕೆಯ ಗಂಟೆ ಮೊಳಗಿತು. ಅಮೋನಿಯ ಘೋರ ವಿಷ. ಎಲ್ಲರೂ ರಷ್ಯದ ಭಾಗಕ್ಕೆ ಓಡಿ ಬಾಗಿಲು ಹಾಕಿಕೊಂಡರು. ಗಂಟೆಗಟ್ಟಲೆ ಪರಿಶೀಲಿಸಿದ ಮೇಲೆ ತಿಳಿದುದೇನೆಂದರೆ, ಅಮೋನಿಯ ಸೋರಿರಲೇ ಇಲ್ಲ. ಸುದ್ದಿ ಮುಟ್ಟಿಸುವ ಕಂಪ್ಯೂಟರ್ ಪೆಟ್ಟಿಗೆಯೊಂದು ತಪ್ಪು ಹೇಳಿತ್ತು. ಓಡಿದವರನ್ನು ನೋಡಿ ಯಾರೂ ನಗಲಿಲ್ಲ. ನಗಲೂಬಾರದು.

ನಮ್ಮವರಿಗೂ ಸೋರಿಕೆಯ ಸಂಕಟ ಹೊಸದಲ್ಲ. ಪಾರ್ಮಿಟಾನೋ ಪ್ರಸಂಗವಾದ ಒಂದು ತಿಂಗಳಿಗೆ, 2013ರ ಆಗಸ್ಟ್ 19ರಂದು, ಶ್ರೀಹರಿಕೋಟೆಯಲ್ಲಿ ಜಿ.ಎಸ್.ಎಲ್.ವಿ. ರಾಕೆಟ್ಟು ಏಳಲು ಇನ್ನು 74 ನಿಮಿಷಗಳಿದ್ದಾಗ ಎರಡನೆಯ ಹಂತದಲ್ಲಿ ಇಂಧನ ಸೋರುತ್ತಿರುವುದು ಕಂಡು ಉಡಾವಣೆಯನ್ನೇ ನಿಲ್ಲಿಸಿದರು. ತೊಟ್ಟಿಯ ಲೋಹವೇ ಬಿರುಕಿಗೆ ಎಡೆಗೊಡುವಂಥದೆಂದು ನಿರ್ಧಾರವಾಗಿ, ಬೇರೆ ಬಗೆಯ ಅಲ್ಯುಮಿನಿಯಮ್ಮಿನ ತೊಟ್ಟಿಯನ್ನು ಮಾಡಿ ಕೂಡಿಸಿದರು. 2014ರ ಜನವರಿ 5ರಂದು ಅದು ಯಶಸ್ವಿಯಾಗಿ ಹಾರಿತು.

ಆ ಅನುಭವವುಳ್ಳವರ ಪಟ್ಟು ಎಂಥದೆಂಬುದು 2025ರ ಜೂನಿನಲ್ಲಿ ಅಮೆರಿಕದಲ್ಲಿ ಕಂಡಿತು. ನಮ್ಮ ಶುಭಾಂಶು ಶುಕ್ಲಾ ಮತ್ತು ಮೂವರು ಸಂಗಡಿಗರು ನಿಲ್ದಾಣಕ್ಕೆ ಹೊರಡಬೇಕಾಗಿದ್ದ ಫಾಲ್ಕನ್ ರಾಕೆಟ್ಟಿನ ಎಂಜಿನುಗಳನ್ನು ನೆಲದ ಮೇಲೆಯೇ ಕೆಲವು ಸೆಕೆಂಡು ಉರಿಸಿ ನೋಡಿದಾಗ, ದ್ರವ ಆಮ್ಲಜನಕ ಜಿನುಗುತ್ತಿದ್ದುದು ಬೆಳಕಿಗೆ ಬಂದಿತು. ಸೋರಿದ ಆಮ್ಲಜನಕವನ್ನು ಬೇರೊಂದು ಅನಿಲ ಊದಿ ಚದುರಿಸುತ್ತ ಹಾರಿಸಬಹುದೆಂಬ ಮಾತೂ ಇತ್ತು. ಬೆಂಗಳೂರಿನಿಂದ ಹೋಗಿದ್ದ ಇಸ್ರೋ ಅಧ್ಯಕ್ಷ ವಿ. ನಾರಾಯಣನ್ ಮತ್ತು ಅವರ ತಂಡದವರು ಅದಕ್ಕೆ ಒಪ್ಪಲಿಲ್ಲ. ಸೋರುವ ತಾಣವನ್ನು ಕಂಡುಹಿಡಿದು, ಸರಿಪಡಿಸಿ, ಮತ್ತೆ ಪರೀಕ್ಷಿಸಿ ತೋರಿಸಬೇಕೆಂದು ಹಟ ಹಿಡಿದರು. ಆಮ್ಲಜನಕದ ಕೊಳವೆಯಲ್ಲಿ ಬಿರುಕು ಸಿಕ್ಕಿತೆಂದು ನಾರಾಯಣನ್ ಅವರು ಆ ಬಳಿಕ ಹೇಳಿದ್ದಾರೆ. ಜೂನ್ 11ರ ಪ್ರಯಾಣ ಮುಂದಕ್ಕೆ ಹೋಯಿತು.

ಅಷ್ಟರಲ್ಲಿ ಹಳೆಯ ಗೆಳೆಯ ಜ್ವೆಜ್ದಾ ಅಡ್ಡಬಂದಿತು. ಹಿಂಬದಿಯ ಕೋಣೆಗೆ ಆಗತಾನೆ ಮತ್ತೊಮ್ಮೆ ಲೇಪ ಹಾಕಿದ್ದರು. ಈಗ ಬಾಗಿಲು ಮುಚ್ಚಿಟ್ಟರೂ ಅದರೊಳಗಿನ ಒತ್ತಡ ಇಳಿಯದೆ ನಿಂತಿತು! ಸಂತೋಷಪಡಬೇಕಾದ ವಿಷಯವಲ್ಲವೇ? ಅನುಭವಸ್ಥರು ಸಂತೋಷಪಡಲಿಲ್ಲ. ಒತ್ತಡ ನಿಂತುದಕ್ಕೆ ಕಾರಣ ಎರಡಿರಬಹುದು. ಬಿರುಕುಗಳು ನಿಜಕ್ಕೂ ಮುಚ್ಚಿರಬಹುದು. ಅಥವಾ ಹೊರಕ್ಕೆ ಸೋರುವಷ್ಟೇ ಗಾಳಿ ನಿಲ್ದಾಣದ ಕಡೆಯಿಂದ ಬಾಗಿಲಿನ ಸಂದಿನ ಮೂಲಕ ಆ ಕೋಣೆಗೆ ನುಸುಳುತ್ತಿರಬಹುದು. ಎರಡರಲ್ಲಿಯೂ ಮಾಪಕದ ಮುಳ್ಳು ಒಂದೇ ಅಂಕೆಯನ್ನು ತೋರಿಸುತ್ತದೆ. ಯಾವುದು ನಿಜವೆಂದು ವಿಚಾರಿಸಲು ಪ್ರಯಾಣವನ್ನು ಇನ್ನೊಮ್ಮೆ ತಡೆದರು. ಆ ಕೋಣೆಯ ಒತ್ತಡವನ್ನು ಬೇಕೆಂದೇ ಇಳಿಸಿಟ್ಟು ನೋಡಿದರು.

ಶುಕ್ಲಾ ಮತ್ತು ಅವರ ಸಂಗಡಿಗರು ಅಷ್ಟು ದಿನವೂ ಫ್ಲಾರಿಡದಲ್ಲಿ ರೋಗ ತಗುಲದಂತೆ ಪ್ರತ್ಯೇಕವಾಗಿ ಕಾದಿದ್ದರು. ಜೂನ್ 25ರಂದು, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 12 ಗಂಟೆ 1 ನಿಮಿಷಕ್ಕೆ, ರಾಕೆಟ್ಟು ಎದ್ದಿತು. ಮರುದಿನ ಸಂಜೆ ನಾಲ್ಕರ ಹೊತ್ತಿಗೆ ಅವರ ನೌಕೆ ನಿಲ್ದಾಣಕ್ಕೆ ಬಂದು ಕೂಡಿಕೊಂಡಿತು. ಕೂಡಿದ ಕೂಡಲೆ ಬಾಗಿಲು ತೆರೆಯಲಿಲ್ಲ. ನೌಕೆಗೂ ನಿಲ್ದಾಣಕ್ಕೂ ನಡುವಿನ ಕೀಲಿನಲ್ಲಿ ಏನಾದರೂ ಸೋರುತ್ತಿದೆಯೇ ಎಂದು ಪರೀಕ್ಷಿಸಲು, ಅವರು ಒಳಗೇ ಕುಳಿತು ಇನ್ನಷ್ಟು ಹೊತ್ತು ಕಾದರು.